ಬಾಣ ಯಾಕೆ ಓರೆ ಹೋಗುತ್ತೆ? ತೂಕ, ಬಳುಕಿನ ಲೆಕ್ಕ ಇಲ್ಲಿದೆ

ಆನ್‌ಲೈನ್‌ನಲ್ಲಿ ಬಿಲ್ಲು ತರಿಸೋದು ಈಗ ಸುಲಭ. ಮಕ್ಕಳನ್ನ ಆರ್ಚರಿಗೆ ಸೇರಿಸೋ ಪೋಷಕರು ಬಿಲ್ಲು ತಗೊಳ್ಳುವಾಗ ಹತ್ತು ಸಲ ಯೋಚಿಸ್ತಾರೆ. ಬಾಣ ಮಾತ್ರ ಸಿಕ್ಕಿದ್ದು, ಇಲ್ಲಾ ರೇಟ್ ಜಾಸ್ತಿ ಇರೋದು. ಆಮೇಲೆ ಗುರಿ ತಪ್ಪಿದರೆ ಬೈಗುಳ ಮಗುವಿಗೆ. ಆದರೆ ತಪ್ಪು ಎಷ್ಟೋ ಸಲ ಕೈಯಲ್ಲಿ ಇರೋದಿಲ್ಲ, ಬಿಲ್ಲಿಗೆ ಹೊಂದದ ಬಾಣದಲ್ಲಿ ಇರುತ್ತೆ.

ಈ ಹೊಂದಾಣಿಕೆಗೆ ತುಂಬಾ ತಲೆಕೆಡಿಸಿಕೊಳ್ಳೋರು ಅಮೆರಿಕದ ಸಾಂಪ್ರದಾಯಿಕ ಬಿಲ್ಲು ಬೇಟೆಗಾರರು. ಅಲ್ಲಿ ಲೈಸೆನ್ಸ್ ಪಡೆದು, ನಿಗದಿತ ಸೀಸನ್‌ನಲ್ಲಿ ಜಿಂಕೆ ಬೇಟೆಯಾಡೋದು ಕಾನೂನುಬದ್ಧ. ರಾಟೆ ಇಲ್ಲದ ಸಾದಾ ಬಿಲ್ಲು ಹಿಡಿಯೋ ಇವರ ಬಾಣ ಓರೆಯಾಗಿ ತಗುಲಿದರೆ ಪ್ರಾಣಿ ಸಾಯದೆ ಗಾಯದಲ್ಲಿ ನರಳುತ್ತೆ. ಅದಕ್ಕೇ ಸೀಸನ್‌ಗೆ ಮುಂಚೆ ಬಾಣ ಹೊಂದಿಸಿಕೊಳ್ತಾರೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ. ಹೊಲಕ್ಕೆ ಕಾಡುಹಂದಿ ಬಂತು ಅಂತ ಅನುಮತಿ ಇಲ್ಲದೆ ಬಾಣ ಬಿಟ್ಟರೂ ಕೇಸ್ ಆಗುತ್ತೆ. ನಮಗೆ ಈ ಲೆಕ್ಕ ಬೇಕಾಗೋದು ಟಾರ್ಗೆಟ್ ಆರ್ಚರಿಗೆ, ಅದರಲ್ಲೂ ಬಿದಿರಿನ ಬಿಲ್ಲಿನ 'ಇಂಡಿಯನ್ ರೌಂಡ್'ಗೆ.

ಬಾಣ ಬಳುಕಲೇಬೇಕು

ಹೆದೆ ಬಿಟ್ಟ ತಕ್ಷಣ ಬಾಣ ನೆಟ್ಟಗೆ ಹೋಗೋದಿಲ್ಲ. ನಡುವೆ ಬಿಲ್ಲಿನ ಹಿಡಿ ಅಡ್ಡ ಇರುತ್ತಲ್ಲ, ಬಾಣ ಹಾವಿನ ಹಾಗೆ ಬಳುಕಿ ಅದನ್ನ ದಾಟಿ ಆಮೇಲೆ ನೆಟ್ಟಗಾಗುತ್ತೆ. ಬಳುಕು ಕಡಿಮೆ ಇದ್ದರೆ ಬಲಗೈ ಬಿಲ್ಲುಗಾರನ ಬಾಣ ಎಡಕ್ಕೆ ಹೋಗುತ್ತೆ. ಜಾಸ್ತಿ ಇದ್ದರೆ ಬಲಕ್ಕೆ. ಎಡಗೈಯವರಿಗೆ ಇದು ಉಲ್ಟಾ.

ಈ ಬಳುಕಿನ ಅಳತೆಗೆ 'ಸ್ಪೈನ್' ಅಂತಾರೆ. ಕಾರ್ಬನ್ ಬಾಣವನ್ನ 28 ಇಂಚು ಅಂತರದ ಎರಡು ಆಸರೆ ಮೇಲಿಟ್ಟು, ನಡುವೆ 880 ಗ್ರಾಂ ತೂಗುಹಾಕ್ತಾರೆ. ಅರ್ಧ ಇಂಚು ಬಾಗಿದರೆ ಅದು 500 ಸ್ಪೈನ್. ಅಂದರೆ ನಂಬರ್ ಜಾಸ್ತಿ ಆದಷ್ಟೂ ಬಾಣ ಮೆತ್ತಗೆ. ಮರದ ಬಾಣಕ್ಕೆ ಹಳೇ ಲೆಕ್ಕ ಬೇರೆ. ಅಂತರ 26 ಇಂಚು, ತೂಕ 2 ಪೌಂಡ್, ಅಂದರೆ ಸುಮಾರು 907 ಗ್ರಾಂ. 26ನ್ನ ಬಾಗಿದ ಇಂಚಿನಿಂದ ಭಾಗಿಸಬೇಕು. ಅರ್ಧ ಇಂಚು ಬಾಗಿದರೆ 52 ಬರುತ್ತೆ. ಅದು 50-55 ಪೌಂಡ್ ಗುಂಪಿನ ಬಾಣ. ಎರಡು ಮೊಳೆ, ಒಂದು ಸ್ಕೇಲು ಇದ್ದರೆ ಮನೇಲೇ ನೋಡಬಹುದು.

ಬಿಲ್ಲಿನ ಮೇಲಿನ ನಂಬರ್ ನಂಬಬೇಡಿ

ಬಿಲ್ಲಿನ ಮೇಲೆ ಬರೆದಿರೋ ಪೌಂಡ್ ಸಾಮಾನ್ಯವಾಗಿ 28 ಇಂಚು ಎಳೆದಾಗಿನ ಬಲ. ಒಂದು ಇಂಚು ಕಡಿಮೆ ಎಳೆದರೆ ಸುಮಾರು 2ರಿಂದ 3 ಪೌಂಡ್ ಕಡಿಮೆ ಆಗುತ್ತೆ. 30 ಪೌಂಡ್ ಬಿಲ್ಲನ್ನ ನಿಮ್ಮ ಮಗ 25 ಇಂಚು ಎಳೆದರೆ ಅವನ ಕೈಲಿರೋದು 21ರಿಂದ 24 ಪೌಂಡ್ ಅಷ್ಟೇ. 30 ಅಂತ ನೋಡಿ ತಂದ ಬಾಣ ಅವನಿಗೆ ಸೆಟೆದ ಕಡ್ಡಿ. ಕೋಚ್ ಹತ್ತಿರ ಎಳೆತದ ಉದ್ದ ಅಳೆಸಿ ಆಮೇಲೆ ಆರ್ಡರ್ ಮಾಡಿ.

ತೂಕ: ಅಕ್ಕಸಾಲಿಗರ ತಕ್ಕಡಿ ಸಾಕು

ಬಾಣದ ತೂಕ ಹೇಳೋದು ಗ್ರೇನ್‌ನಲ್ಲಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಹಳೇ ತೊಲ ಅಂದರೆ 180 ಗ್ರೇನ್. ಬೇಟೆಗಾರರಲ್ಲಿ ಚಾಲ್ತಿಯಲ್ಲಿರೋ ಲೆಕ್ಕ, ಒಂದು ಪೌಂಡ್ ಎಳೆತಕ್ಕೆ ಸುಮಾರು 10 ಗ್ರೇನ್. 40 ಪೌಂಡ್ ಬಿಲ್ಲಿಗೆ 400 ಗ್ರೇನ್, ಅಂದರೆ ಹತ್ತಿರ ಹತ್ತಿರ 26 ಗ್ರಾಂ. ಭಾರದ ಬಾಣ ನಿಧಾನ ಹೋದರೂ ಆಳಕ್ಕೆ ಇಳಿಯುತ್ತೆ, ಅದು ಬೇಟೆಗೆ ಬೇಕು. ಟಾರ್ಗೆಟ್‌ಗೆ ಅಷ್ಟು ಭಾರ ಬೇಡ. ಹಾಗಂತ ತೀರಾ ಹಗುರ ಆದರೆ ಬಾಣಕ್ಕೆ ಹೋಗಬೇಕಾದ ಬಲ ಬಿಲ್ಲಿಗೇ ವಾಪಸ್ ಹೊಡೆದು, ಬಿಲ್ಲು ಸೀಳಬಹುದು. ಬಾಣವೇ ಇಲ್ಲದೆ ಹೆದೆ ಎಳೆದು ಬಿಡಬಾರದು ಅನ್ನೋದೂ ಇದಕ್ಕೇ. ಬಿಲ್ಲಿನ ಕಂಪನಿ ಹೇಳಿದ ಕನಿಷ್ಠ ತೂಕಕ್ಕಿಂತ ಕೆಳಗೆ ಇಳಿಯಬೇಡಿ.

ಹೊಂದಿಸೋದು ಹೇಗೆ?

ಗರಿ ಇರೋ ಮೂರು ಬಾಣ, ಗರಿ ಇಲ್ಲದ ಒಂದು ಬಾಣ ತಗೊಳ್ಳಿ. ಎಲ್ಲಾ ಒಂದೇ ಉದ್ದ, ಒಂದೇ ಮೊನೆ ಇರಲಿ. ಹತ್ತು ಹದಿನೈದು ಮೀಟರ್‌ನಿಂದ ಒಂದೇ ಗುರಿಗೆ ಬಿಡಿ. ಗರಿ ಬಾಣದ ತಪ್ಪನ್ನ ತಿದ್ದುತ್ತೆ. ಗರಿ ಇಲ್ಲದ್ದು ನಿಜ ಹೇಳುತ್ತೆ. ಬಲಗೈಯವರಿಗೆ:

- ಗರಿ ಇಲ್ಲದ್ದು ಎಡಕ್ಕೆ ಬಿದ್ದರೆ ಬಾಣ ಸೆಟೆದಿದೆ. ಭಾರದ ಮೊನೆ ಹಾಕಿ.
- ಬಲಕ್ಕೆ ಬಿದ್ದರೆ ಮೆತ್ತಗಿದೆ. ಹಗುರದ ಮೊನೆ ಹಾಕಿ, ಇಲ್ಲಾ ಕಡ್ಡಿಯನ್ನ ಕಾಲು ಇಂಚಿನಷ್ಟು ಕತ್ತರಿಸಿ ಮತ್ತೆ ಬಿಟ್ಟು ನೋಡಿ.
- ಮೇಲೆ ಬಿದ್ದರೆ ಹೆದೆಯಲ್ಲಿ ಬಾಣ ಸಿಕ್ಕಿಸೋ ಜಾಗ ಕೆಳಗಿದೆ. ಕೆಳಗೆ ಬಿದ್ದರೆ ಆ ಜಾಗ ಮೇಲಿದೆ. ಇದನ್ನ ಮೊದಲು ಸರಿಮಾಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡೂ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ. ಕತ್ತರಿಸಿದ ಕಡ್ಡಿ ಮತ್ತೆ ಬೆಳೆಯಲ್ಲ, ಆದ್ದರಿಂದ ಉದ್ದದ್ದೇ ತಗೊಂಡು ಮೊದಲು ಮೊನೆ ಬದಲಿಸಿ ನೋಡಿ.

ಬಿದಿರಿನ ಬಾಣ ಆದರೆ ಒಂದೊಂದೂ ಒಂದೊಂದು ಥರ. ತೂಗಿ, ಬಾಗಿಸಿ ನೋಡಿ, ಒಂದೇ ಥರದವನ್ನ ಒಂದು ಸೆಟ್ ಮಾಡಿ. ಯಾವ ಬಾಣವಾದರೂ ಬಿಡೋ ಮುಂಚೆ ಕೈಯಲ್ಲಿ ಸ್ವಲ್ಪ ಬಾಗಿಸಿ. ಚಟಚಟ ಸದ್ದು ಬಂದರೆ ಎಸೆದುಬಿಡಿ. ಬಿರುಕು ಬಿಟ್ಟ ಬಾಣ ಹೆದೆ ಬಿಟ್ಟಾಗ ಮುರಿದು ಕೈಗೇ ಚುಚ್ಚಬಹುದು.