ಹಳಿಯ ಇಕ್ಕಟ್ಟು, ಮೆಟ್ಟಿಲ ಕಷ್ಟ

ರೈಲಿನಲ್ಲಿ ದಿನಾ ಓಡಾಡುವವರ ಬಾಯಲ್ಲಿ ಒಂದು ಮಾತಿದೆ: ‘ಔಟರ್‌ನಲ್ಲಿ ಹಾಕಿದ್ದಾರೆ.’ ಬೆಂಗಳೂರು ಬಂತೇ ಬಂತು ಎಂದು ಊಟದ ಡಬ್ಬಿಯ ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ಬಂದು ನಿಂತಿರುತ್ತೇವೆ. ರೈಲು ಗಕ್ಕನೆ ನಿಲ್ಲುತ್ತದೆ. ಮುಂದೆ ಕೆಂಪು ಸಿಗ್ನಲ್. ಸ್ಟೇಷನ್ನಿನಲ್ಲಿ ಖಾಲಿ ಪ್ಲಾಟ್‌ಫಾರಂ ಇಲ್ಲ, ಅಥವಾ ಅಲ್ಲಿಗೆ ಹೋಗುವ ಹಳಿಯನ್ನು ಇನ್ನೊಂದು ಗಾಡಿ ಅಡ್ಡ ಹಾಯುತ್ತಿದೆ. ಕೆಲಸಕ್ಕೆ ಹೊತ್ತಾದವರು ಜಲ್ಲಿಕಲ್ಲಿನ ಮೇಲೆ ಧುಮುಕಿ ಹಳಿಗುಂಟ ನಡೆದೇಬಿಡುತ್ತಾರೆ. ಜೀವಕ್ಕೆ ಅಪಾಯ ಎಂದು ಅವರಿಗೂ ಗೊತ್ತು. ಇಳಿಯಲಾಗದ ಮುದುಕರು, ಬಸುರಿಯರು, ಊರುಗೋಲಿನವರು ಒಳಗೇ ಉಳಿಯುತ್ತಾರೆ.

ಒಂದು ಹಳಿಯ ಮೇಲೆ ದಿನಕ್ಕೆ ಎಷ್ಟು ರೈಲು ಓಡಿಸಬಹುದು? ಇದಕ್ಕೆ ನಮ್ಮ ರೈಲ್ವೆಯವರು ಬಳಸುವ ಹಳೆಯ ಲೆಕ್ಕವೊಂದಿದೆ. ಸ್ಕಾಟ್ ಸೂತ್ರ ಎನ್ನುತ್ತಾರೆ. ಹಳಿಯನ್ನು ತುಂಡುತುಂಡಾಗಿ ವಿಂಗಡಿಸಿರುತ್ತಾರೆ, ಒಂದೊಂದು ತುಂಡೂ ಒಂದು ಬ್ಲಾಕ್. ಸಾಮಾನ್ಯ ಸಿಗ್ನಲ್ ವ್ಯವಸ್ಥೆಯಲ್ಲಿ ಒಂದು ಬ್ಲಾಕಿನೊಳಗೆ ಒಂದು ಹೊತ್ತಿಗೆ ಒಂದೇ ಗಾಡಿ. ಅತಿ ಉದ್ದದ ಬ್ಲಾಕನ್ನು ಅತಿ ನಿಧಾನದ ಗಾಡಿ ದಾಟಲು 12 ನಿಮಿಷ, ಸಿಗ್ನಲ್ ಕೆಲಸಕ್ಕೆ 3 ನಿಮಿಷ ಎಂದಿಟ್ಟುಕೊಳ್ಳಿ. ದಿನದ 1,440 ನಿಮಿಷವನ್ನು 15ರಿಂದ ಭಾಗಿಸಿದರೆ 96. ದುರಸ್ತಿ, ತಡ, ಅಡಚಣೆಗಳಿಗೆಂದು ಶೇ 30 ಕಳೆದರೆ ಉಳಿಯುವುದು 67. ಈಗ ಆ ನಿಧಾನದ ಗಾಡಿ 12ರ ಬದಲು 17 ನಿಮಿಷ ತೆಗೆದುಕೊಂಡಿತು ಎನ್ನಿ. ಲೆಕ್ಕ 50ಕ್ಕೆ ಇಳಿಯುತ್ತದೆ. ಐದು ನಿಮಿಷಕ್ಕೆ 17 ರೈಲು ಹೋದವು! ಒಂಟಿ ಹಳಿಯಾದರೆ ಬರುವ ಹೋಗುವ ಗಾಡಿಗಳೆಲ್ಲ ಇದರೊಳಗೇ ಸೇರಬೇಕು. ‘ಕ್ರಾಸಿಂಗ್’ಗೆ ಅರ್ಧ ಗಂಟೆ ಕಾದು ಕಾದು ಬೇಸತ್ತವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಬೆಂಗಳೂರು–ಮೈಸೂರು ನಡುವೆ ಎರಡನೇ ಹಳಿ ಹಾಕುವಾಗ ಶ್ರೀರಂಗಪಟ್ಟಣದಲ್ಲಿ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನಮನೆಯನ್ನು ಒಡೆಯದೆ, ಇಡಿಯಾಗಿ ಎತ್ತಿ 2017ರಲ್ಲಿ ನೂರು ಮೀಟರಿಗೂ ಆಚೆ ಕೂರಿಸಿದರು. ಎರಡನೇ ಹಳಿಯ ಬೆಲೆ ಅಷ್ಟಿತ್ತು.

ಆ ಐದು ನಿಮಿಷ ಎಲ್ಲಿ ಸೋರುತ್ತದೆ ಎಂದು ನೋಡಲು ಯಾವುದಾದರೂ ಸಣ್ಣ ಹಾಲ್ಟಿಗೆ ಹೋಗಬೇಕು. ಬೆಳಗಿನ ಮೆಮು ಬಂದು ನಿಲ್ಲುತ್ತದೆ. ಕನಕಾಂಬರದ ಬುಟ್ಟಿ ಹಿಡಿದ ಅಜ್ಜಿ ಮೊದಲು ಬುಟ್ಟಿಯನ್ನು ಮೇಲಕ್ಕೆ ಕೊಡುತ್ತಾಳೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲನ್ನು ಮೆಟ್ಟಿಲಿಗೂರಿ ಏರುತ್ತಾಳೆ. ಮೇಲಿನಿಂದ ಒಬ್ಬರು ಕೈ ಎಳೆಯುತ್ತಾರೆ. ಹಿಂದೆ ಎಂಟು ಹತ್ತು ಜನ ಕಾಯುತ್ತಾರೆ. ಅವಳದೇನೂ ತಪ್ಪಿಲ್ಲ. ರೈಲ್ವೆಯ ಅಳತೆಯಲ್ಲಿ ಎತ್ತರದ ಪ್ಲಾಟ್‌ಫಾರಂ ಎಂದರೆ ಹಳಿಯಿಂದ 760ರಿಂದ 840 ಮಿಲಿಮೀಟರ್, ಮಧ್ಯಮದ್ದು 455. ಬೋಗಿಯ ನೆಲವೋ ಸುಮಾರು 1,200 ಮಿಲಿಮೀಟರಿನಷ್ಟು ಮೇಲೆ. ಒಳ್ಳೆಯ ಪ್ಲಾಟ್‌ಫಾರಮ್ಮಿನಲ್ಲೂ ಒಂದು ಅಡಿಗಿಂತ ಹೆಚ್ಚು ಏರಬೇಕು, ಮಧ್ಯಮದ್ದರಲ್ಲಿ ಎರಡಡಿಗೂ ಮೀರಿ. ಹಾಲ್ಟುಗಳು ಬಹುಪಾಲು ಬ್ಲಾಕಿನ ನಡುವೆಯೇ ಬರುವುದರಿಂದ ಅಲ್ಲಿ ಕಳೆದ ಪ್ರತಿ ಅರ್ಧ ನಿಮಿಷವೂ ನೇರವಾಗಿ ಮೇಲಿನ ಲೆಕ್ಕಕ್ಕೆ ಸೇರುತ್ತದೆ. ಅಜ್ಜಿ ಸಲೀಸಾಗಿ ಹತ್ತುವಂತೆ ಮಾಡಿದರೆ ಹಳಿಯ ಸಾಮರ್ಥ್ಯವೂ ಹೆಚ್ಚುತ್ತದೆ. ಇದನ್ನು ಅಂಗವಿಕಲರಿಗೆ ತೋರುವ ದಯೆ ಎಂದು ಬೇರೆ ಕಡತದಲ್ಲಿ ಇಡುವುದು ಶುದ್ಧ ತಪ್ಪು.

ಇನ್ನು ಮೇಲ್ಸೇತುವೆ. ಮೇಲೆ 25,000 ವೋಲ್ಟಿನ ತಂತಿ ಹಾಯುವುದರಿಂದ ಸೇತುವೆ ಹಳಿಯಿಂದ ಆರು ಮೀಟರಿಗೂ ಹೆಚ್ಚು ಎತ್ತರದಲ್ಲಿರಬೇಕು. ಪ್ಲಾಟ್‌ಫಾರಮ್ಮಿನಿಂದ ಆರು ಮೀಟರ್ ಏರುವುದೆಂದರೆ, ಮೆಟ್ಟಿಲಿಗೆ 15 ಸೆಂಟಿಮೀಟರಿನಂತೆ, 40 ಮೆಟ್ಟಿಲು. ಆಚೆ ಮತ್ತೆ 40 ಇಳಿಯಬೇಕು. ಗಾಲಿಕುರ್ಚಿಗೆ ಇಳಿಜಾರು ಕಟ್ಟಿದರೆ 12ಕ್ಕೆ 1ರ ಲೆಕ್ಕದಲ್ಲಿ 72 ಮೀಟರ್ ಉದ್ದ, ನಡುವಿನ ತಂಗುಕಟ್ಟೆಗಳು ಬೇರೆ. ಅಷ್ಟು ಜಾಗವಿಲ್ಲದ ಕಡೆ ಲಿಫ್ಟೇ ಗತಿ.

ನನ್ನ ತಾಯಿಗೆ ಎರಡೂ ಮಂಡಿ ನೋವು. ಒಂದು ಸಂಜೆ ದೊಡ್ಡ ಸ್ಟೇಷನ್ನೊಂದರಲ್ಲಿ ಗಾಡಿ ಬರಲು ಐದು ನಿಮಿಷವಿರುವಾಗ ಪ್ಲಾಟ್‌ಫಾರಂ ಬದಲಾಗಿದೆ ಎಂದು ಕೂಗಿದರು. ಲಿಫ್ಟಿನ ಬಾಗಿಲಿಗೆ ಸರಪಳಿ. ಅವಳು ಕಂಬಿ ಹಿಡಿದು ಮೆಟ್ಟಿಲಿಗೊಮ್ಮೆ ನಿಂತು ನಿಂತು ಏರಿದಳು. ಸೇತುವೆಯ ನಡುವೆ ನಾವಿರುವಾಗ ಕೆಳಗೆ ನಮ್ಮ ಗಾಡಿ ಹೊರಟಿತು. ಕೊನೆಯ ಗಳಿಗೆಯ ಆ ಬದಲಾವಣೆಗೂ ಕಾರಣ ಹಳಿಯ ಇಕ್ಕಟ್ಟೇ: ಬರುವ ಗಾಡಿಗಳಿಗೆ ಪ್ಲಾಟ್‌ಫಾರಂ ಸಾಲದಾದಾಗ ಯಾವುದು ಖಾಲಿಯೋ ಅಲ್ಲಿಗೆ ತಿರುಗಿಸುತ್ತಾರೆ. ಹಳಿಯ ಕೊರತೆಯನ್ನು ಕೊನೆಗೆ ತೀರಿಸುವುದು ಪ್ರಯಾಣಿಕರ ಮಂಡಿ.

ರೈಲು ಸಾಕಷ್ಟಿದ್ದು ಮೆಟ್ಟಿಲು ಸಾಲದಿದ್ದರೆ ಏನಾಗುತ್ತದೆ ಎಂಬುದನ್ನು ಮುಂಬೈ ಕಂಡಿದೆ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಕಿರಿದಾದ ಮೇಲ್ಸೇತುವೆಯಲ್ಲಿ ಮಳೆಗೆ ನಿಂತವರು, ಗಾಡಿ ಇಳಿದು ಬಂದವರು ಒತ್ತಿಕೊಂಡು 23 ಜನ ಸತ್ತರು. ಸೇನೆಯವರು ಬಂದು ಕೆಲವೇ ತಿಂಗಳಲ್ಲಿ ಹೊಸ ಸೇತುವೆ ಕಟ್ಟಿಕೊಟ್ಟರು. ಅಷ್ಟು ಬೇಗ ಆಗುವ ಕೆಲಸ ಸಾವಿಗೆ ಮೊದಲು ಏಕೆ ಆಗಲಿಲ್ಲ ಎಂಬ ಪ್ರಶ್ನೆ ಇಂದಿಗೂ ಚುಚ್ಚುತ್ತದೆ. ಬೋಗಿಗೂ ಪ್ಲಾಟ್‌ಫಾರಮ್ಮಿಗೂ ನಡುವಿನ ಸಂದಿನಲ್ಲಿ ಜನ ಸಿಲುಕಿದ ಮೇಲೆ, ಹೈಕೋರ್ಟಿನ ಒತ್ತಾಯದಿಂದ ಮುಂಬೈಯ ಪ್ಲಾಟ್‌ಫಾರಮ್ಮುಗಳನ್ನು 900 ಮಿಲಿಮೀಟರಿಗೆ ಎತ್ತರಿಸಿದರು.

ಬೆಂಗಳೂರಿಗೆ ಇದು ದೂರದ ಕಥೆಯಲ್ಲ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್ನುಗಳಿಂದ ನಸುಕಿನಲ್ಲೇ ಸಾವಿರಾರು ಜನ ಬೆಂಗಳೂರಿಗೆ ಕೂಲಿಗೆ, ನೌಕರಿಗೆ ಬರುತ್ತಾರೆ. ಚೆನ್ನೈ ಕಡೆಯ ಎಕ್ಸ್‌ಪ್ರೆಸ್ಸುಗಳೂ ಅದೇ ಹಾದಿಯಲ್ಲಿ ಓಡಬೇಕು. ದಂಡು ಸ್ಟೇಷನ್ನಿನಿಂದ ವೈಟ್‌ಫೀಲ್ಡಿಗೆ ನಾಲ್ಕು ಹಳಿ ಮಾಡುವ ಕೆಲಸಕ್ಕೆ ಕೈಹಾಕಿ ವರ್ಷಗಳೇ ಆದವು. 2022ರಲ್ಲಿ ತೆರೆದ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲು ಏಳು ಪ್ಲಾಟ್‌ಫಾರಂ ಕೊಟ್ಟಿತು, ಲಿಫ್ಟೂ ಕೊಟ್ಟಿತು. ಆದರೆ ಅದು ತೆರೆದಾಗ ಅಲ್ಲಿಂದ ಮೆಟ್ರೊ ಸೇರಲು ಆಟೊ ಹಿಡಿಯಬೇಕಾಗಿತ್ತು.

ವೈಟ್‌ಫೀಲ್ಡಿನಲ್ಲಿ ರೈಲು ಮತ್ತು ಮೆಟ್ರೊ ಸ್ಟೇಷನ್ನುಗಳು ಅಕ್ಕಪಕ್ಕದಲ್ಲಿವೆ. ಮೆಟ್ರೊದಲ್ಲಿ ಗಾಲಿಕುರ್ಚಿ ಪ್ಲಾಟ್‌ಫಾರಮ್ಮಿನಿಂದ ನೇರ ಬೋಗಿಯೊಳಗೆ ಉರುಳುತ್ತದೆ. ಪಕ್ಕದ ರೈಲಿಗೆ ಅದೇ ಕುರ್ಚಿಯನ್ನು ನಾಲ್ಕು ಜನ ಎತ್ತಬೇಕು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಮಾರ್ಗಗಳಿಗೆ ಹೆಸರಿಟ್ಟು 148 ಕಿಲೋಮೀಟರಿನ ಉಪನಗರ ರೈಲಿಗೆ 2022ರಲ್ಲಿ ಅಡಿಗಲ್ಲು ಹಾಕಿದ್ದಾರೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಪ್ಲಾಟ್‌ಫಾರಂ ಎತ್ತರಿಸುವುದು ಎಷ್ಟು ಕಷ್ಟ ಎಂದು ಮುಂಬೈಯವರಿಗೆ ಗೊತ್ತು. ನಿಮ್ಮ ಊರಿನ ಸ್ಟೇಷನ್ನಿನ ನಕ್ಷೆ ತಯಾರಾಗುವಾಗಲೇ ಈ ಎರಡು ಅಳತೆಗಳನ್ನು ಕೇಳಿ: ಬೋಗಿಯ ನೆಲ ಎಷ್ಟು ಎತ್ತರ, ಪ್ಲಾಟ್‌ಫಾರಂ ಎಷ್ಟು ಎತ್ತರ.