ಲಂಟಾನ ನಿರ್ಮೂಲನ ಮತ್ತು ಶ್ರಮದಾನ

ಉಷ್ಣವಲಯದ ಅಮೆರಿಕ ಮೂಲದ ಲಂಟಾನವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದಿತು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳಲ್ಲಿ ಅದು ಕಾಡಿನ ನೆಲವನ್ನು ದಟ್ಟವಾಗಿ ಆವರಿಸಿದೆ. ಅದರ ನೆರಳಿನಲ್ಲಿ ಹುಲ್ಲು ಹಬ್ಬದು, ಮರಗಳ ಸಸಿಗಳು ಮೇಲೇಳವು. ಹುಲ್ಲು ಕುಗ್ಗಿದಂತೆ ಜಿಂಕೆ, ಕಾಟಿಗಳ ಮೇವೂ ಕುಗ್ಗುತ್ತದೆ.

ಅರಣ್ಯ ಇಲಾಖೆಯ ಅನುಮತಿ ಪಡೆದು ಈ ಪೊದೆಗಳನ್ನು ತೆಗೆಯಲು ಸ್ವಯಂಸೇವಕರು ಮುಂದಾಗುವುದು ಸ್ವಾಗತಾರ್ಹ. ಆದರೆ ಮಚ್ಚಿನಿಂದ ಕಾಂಡ ಸವರಿದರೆ ಬುಡದಿಂದ ಹಲವು ಚಿಗುರುಗಳು ಒಡೆಯುತ್ತವೆ. ಬೇರುಸಹಿತ ಅಗೆದು ಕಿತ್ತರೆ ಮಣ್ಣು ಕದಡಿ, ಹುದುಗಿದ್ದ ಬೀಜಗಳು ಮೊಳೆಯುತ್ತವೆ. ಈ ದೃಷ್ಟಿಯಿಂದ ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಅರಣ್ಯದಲ್ಲಿ ಪ್ರಯೋಗಿಸಿ 2009ರಲ್ಲಿ ಪ್ರಕಟಿಸಿದ ವಿಧಾನ ಗಮನಾರ್ಹವಾದುದು. ತಾಯಿಬೇರನ್ನು ನೆಲಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ಕಡಿದು, ಪೊದೆಯನ್ನು ಎತ್ತಿ ತಲೆಕೆಳಗಾಗಿ ಒಣಗಲು ಬಿಡುವುದು ಅದರ ಕ್ರಮ. ಚಿಗುರುವ ಭಾಗವು ಕಾಂಡ ಬೇರುಗಳು ಕೂಡುವೆಡೆಯಲ್ಲಿರುವುದರಿಂದ ನೆಲದಲ್ಲುಳಿದ ಬೇರು ಮರಳಿ ಚಿಗುರದು.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹಣ್ಣು ತಿಂದ ಹಕ್ಕಿಗಳು ಕೂರುವ ಮರಗಳ ಕೆಳಗೆ ಮಳೆಗಾಲದಲ್ಲಿ ಹೊಸ ಸಸಿಗಳು ಏಳುತ್ತವೆ. ಅವನ್ನು ಕಾಯಿ ಕಟ್ಟುವ ಮುನ್ನವೇ ಪ್ರತಿವರ್ಷ ಕೀಳಬೇಕು. ತೆರವಾದ ನೆಲದಲ್ಲಿ ಸ್ಥಳೀಯ ಹುಲ್ಲನ್ನು ಬೆಳೆಸದಿದ್ದರೆ ಲಂಟಾನವೋ ಪಾರ್ಥೇನಿಯಮ್ಮೋ ಮತ್ತೆ ನೆಲೆಯೂರುತ್ತದೆ. ಆದುದರಿಂದ ಒಂದು ದಿನದಲ್ಲಿ ಹಲವು ಎಕರೆ ಸವರುವ ಶಿಬಿರಕ್ಕಿಂತ, ಒಂದೇ ಎಕರೆಗೆ ಹಲವು ಮಳೆಗಾಲ ಮರಳಿ ಬರುವ ಚಿಕ್ಕ ತಂಡವು ಕಾಡಿಗೆ ಹೆಚ್ಚು ಉಪಕಾರಿ.