ಹಗರಣ (ಜನಪದ ಕಲೆ)

ಹಗರಣವು ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ, ವಿಶೇಷವಾಗಿ ಅಂಕೋಲಾ, ಕುಮಟಾ ಮತ್ತು ಕಾರವಾರ ತಾಲೂಕುಗಳಲ್ಲಿ, ಸುಗ್ಗಿ ಹಾಗೂ ಹೋಳಿ ಹಬ್ಬದ ಸಂದರ್ಭದಲ್ಲಿ ನಡೆಯುವ ಅಣಕು ವೇಷಗಳ ಜನಪದ ಕಲೆಯಾಗಿದೆ. ಹಾಲಕ್ಕಿ ಒಕ್ಕಲಿಗ ಸಮುದಾಯದ ಸುಗ್ಗಿ ಕುಣಿತದೊಂದಿಗೆ ಇದಕ್ಕೆ ನಿಕಟ ಸಂಬಂಧವಿದೆ. ದೇವತೆಗಳು ಮತ್ತು ಅರಸರ ಬದಲಿಗೆ ಸಾಮಾನ್ಯ ಹಳ್ಳಿಗರೇ ಇಲ್ಲಿ ಮುಖ್ಯ ಪಾತ್ರಗಳಾಗುವುದು ಈ ಕಲೆಯ ವೈಶಿಷ್ಟ್ಯ. ಇದರಲ್ಲಿ ವೇಷ ಧರಿಸುವವರು ವೃತ್ತಿಕಲಾವಿದರಲ್ಲ. ಬೇಸಾಯ ಮತ್ತು ಕೂಲಿ ಕೆಲಸದಿಂದ ಬಿಡುವು ಪಡೆದ ಹವ್ಯಾಸಿಗಳು.

ಪದದ ಹಿನ್ನೆಲೆ

'ಹಗರಣ' ಎಂಬುದು ಹಳಗನ್ನಡದ 'ಪಗರಣ' ಎಂಬ ಪದದಿಂದ ಬಂದಿದೆ. ಪಗರಣವು ಸಂಸ್ಕೃತದ 'ಪ್ರಕರಣ'ದ ತದ್ಭವ. ಭರತನ ನಾಟ್ಯಶಾಸ್ತ್ರವು ಹೇಳುವ ಹತ್ತು ರೂಪಕಗಳಲ್ಲಿ ಪ್ರಕರಣವೂ ಒಂದು. ನಾಟಕದ ನಾಯಕ ಪ್ರಖ್ಯಾತ ರಾಜನಾದರೆ, ಪ್ರಕರಣದ ಕಥೆ ಕವಿಕಲ್ಪಿತವಾಗಿದ್ದು ಅದರ ನಾಯಕ ಸಾಮಾನ್ಯವಾಗಿ ವರ್ತಕ, ಬ್ರಾಹ್ಮಣ ಅಥವಾ ಮಂತ್ರಿಯಾಗಿರುತ್ತಾನೆ. ಶೂದ್ರಕನ 'ಮೃಚ್ಛಕಟಿಕ' ಇದಕ್ಕೆ ಪ್ರಸಿದ್ಧ ಉದಾಹರಣೆ. ಕನ್ನಡದಲ್ಲಿ ಪಗರಣವು ಅಣಕ, ವಿಕಟ ವೇಷ ಎಂಬ ಅರ್ಥ ಪಡೆಯಿತು; ಅಂತಹ ವೇಷಧಾರಿಯನ್ನು 'ಪಗರಣಿಗ' ಎನ್ನಲಾಗುತ್ತಿತ್ತು. ಇಂದಿನ ಪತ್ರಿಕಾ ಭಾಷೆಯಲ್ಲಿ ಹಗರಣವೆಂದರೆ ಭ್ರಷ್ಟಾಚಾರದ ಪ್ರಸಂಗ ಎಂಬ ಅರ್ಥವೇ ಪ್ರಧಾನವಾಗಿದ್ದು, ಕಲೆಯ ಅರ್ಥ ಕರಾವಳಿಯ ಹೊರಗೆ ಬಹುಮಟ್ಟಿಗೆ ಮರೆಯಾಗಿದೆ.

ಸಂದರ್ಭ

ಫಾಲ್ಗುಣ ಮಾಸದಲ್ಲಿ, ಭತ್ತದ ಕೊಯ್ಲು ಮುಗಿದ ಬಳಿಕ ಸುಗ್ಗಿ ತಂಡಗಳು ಮನೆಮನೆಗೆ ತೆರಳಿ ಕುಣಿಯುತ್ತವೆ. ಸುಗ್ಗಿಯ ಕುಣಿತಗಾರರು ಬಣ್ಣದ ಕಾಗದ ಹಾಗೂ ಬೆಂಡಿನಿಂದ ಸಿಂಗರಿಸಿದ ತುರಾಯಿಯನ್ನು ತಲೆಗೆ ಧರಿಸುತ್ತಾರೆ. ಗುಮಟೆ ಮತ್ತು ಜಾಗಟೆಗಳು ಹಿಮ್ಮೇಳದ ಮುಖ್ಯ ವಾದ್ಯಗಳು. ಕುಣಿತವು ಶಿಸ್ತು ಮತ್ತು ಭಕ್ತಿಯ ಆಚರಣೆಯಾದರೆ, ಅದರ ಜೊತೆಗೆ ಬರುವ ಹಗರಣವು ನಗೆಯ ಭಾಗವಾಗಿದೆ.

ಪಾತ್ರಗಳು ಮತ್ತು ಪ್ರದರ್ಶನ

ಹಗರಣಕ್ಕೆ ಲಿಖಿತ ಪಠ್ಯವಾಗಲಿ, ರಂಗಸ್ಥಳವಾಗಲಿ ಇಲ್ಲ. ಬೀದಿ, ಮನೆಯಂಗಳ ಹಾಗೂ ಮೆರವಣಿಗೆಯ ಬಂಡಿಗಳೇ ರಂಗ. ಉಳುವವನು, ಮೀನು ಮಾರುವವಳು, ಬೇಟೆಗಾರ, ನಾಟಿವೈದ್ಯ ಮೊದಲಾದವರ ಜೊತೆಗೆ ಹಳ್ಳಿಗರು ದಿನನಿತ್ಯ ಎದುರಿಸುವ ಅಧಿಕಾರಿ, ಡಾಕ್ಟರ್, ರಾಜಕಾರಣಿ ಮುಂತಾದವರೂ ಪಾತ್ರಗಳಾಗುತ್ತಾರೆ. ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಾರೆ. ವೇಷಭೂಷಣಕ್ಕೆ ಹಳೆಯ ಸೀರೆ, ಕಂಬಳಿ, ಬುಟ್ಟಿ, ಹುಲ್ಲು, ಮಸಿ ಮುಂತಾದ ಮನೆಯ ವಸ್ತುಗಳೇ ಸಾಕಾಗುತ್ತವೆ.

ನೋಡುಗರಿಗೆ ಈ ಕೆಲಸಗಳೆಲ್ಲ ಸ್ವತಃ ಗೊತ್ತಿರುವುದರಿಂದ ಪಾತ್ರದ ಯಶಸ್ಸು ಉಡುಪಿಗಿಂತ ಸೂಕ್ಷ್ಮ ವಿವರಗಳನ್ನು ಅವಲಂಬಿಸಿದೆ. ತಕ್ಕಡಿ ಹಿಡಿಯುವ ರೀತಿ, ಬುಟ್ಟಿ ಹೊತ್ತವಳ ನಡಿಗೆ, ಆಯಾ ಊರಿನ ಮಾತಿನ ಧಾಟಿ ಸರಿಯಾಗಿದ್ದರೆ ಮಾತ್ರ ಜನ ನಗುತ್ತಾರೆ. ಸಂಭಾಷಣೆ ಆಶುವಾಗಿರುತ್ತದೆ.

ವಿಡಂಬನೆ ಮತ್ತು ಅದರ ಮಿತಿ

ವರ್ಷವಿಡೀ ನೇರವಾಗಿ ಹೇಳಲಾಗದ ಮಾತನ್ನು ಹಗರಣದ ವೇಷದಲ್ಲಿ ಹೇಳಲು ಅವಕಾಶವಿದೆ. ಊರಿನ ಪ್ರಮುಖರು ಮತ್ತು ಸರ್ಕಾರಿ ಕಚೇರಿಗಳ ವರ್ತನೆ ಹಾಗೂ ಇತ್ತೀಚಿನ ರಾಜಕೀಯ ಘಟನೆಗಳು ಅಣಕಕ್ಕೆ ಒಳಗಾಗುತ್ತವೆ.

ಆದರೆ ಇನ್ನೊಬ್ಬರ ಬದುಕನ್ನು ವೇಷವಾಗಿಸುವಾಗ ಯಾರು ಯಾರನ್ನು ಅಣಕಿಸುತ್ತಿದ್ದಾರೆ ಎಂಬುದು ಮುಖ್ಯವಾಗುತ್ತದೆ. ದಕ್ಷಿಣ ಕನ್ನಡ ಮತ್ತು ಉಡುಪಿ ಭಾಗದಲ್ಲಿ ನವರಾತ್ರಿಯ ವೇಷಗಳ ನಡುವೆ 'ಕೊರಗ ವೇಷ' ಹಾಕುವ ರೂಢಿಯಿತ್ತು. ಮೇಲ್ವರ್ಗದವರು ಮೈಗೆ ಮಸಿ ಬಳಿದುಕೊಂಡು ಕೊರಗರನ್ನು ಅಣಕಿಸುವುದನ್ನು ಆ ಸಮುದಾಯ ಅವಮಾನವೆಂದು ವಿರೋಧಿಸಿತು. ಕೊರಗರನ್ನು ಹೀನಾಯವಾಗಿ ಕಾಣುವ ಅಜಲು ಪದ್ಧತಿಯನ್ನು ಕರ್ನಾಟಕ ಸರ್ಕಾರ 2000ದ ಕಾಯ್ದೆಯ ಮೂಲಕ ನಿಷೇಧಿಸಿದೆ. ಹಾಲಕ್ಕಿಗಳ ಹಗರಣದಲ್ಲಿ ದುಡಿಯುವವರೇ ತಮ್ಮನ್ನೂ ತಮ್ಮ ಮೇಲಿನವರನ್ನೂ ನಕ್ಕು ತೋರಿಸುತ್ತಾರೆ ಎಂಬುದು ಇವೆರಡರ ನಡುವಿನ ಮುಖ್ಯ ವ್ಯತ್ಯಾಸ.

ಇತರ ಕಲೆಗಳೊಂದಿಗೆ ಹೋಲಿಕೆ

ವೇಷ ಧರಿಸಿ ಜನರನ್ನು ರಂಜಿಸುವ ಕಲೆಗೆ ಕನ್ನಡ ನಾಡಿನಲ್ಲಿ ದೀರ್ಘ ಪರಂಪರೆಯಿದೆ. 12ನೆಯ ಶತಮಾನದ ವಚನಕಾರ ಬಹುರೂಪಿ ಚೌಡಯ್ಯನ ಕಾಯಕವೇ ಬಹುರೂಪ ಧರಿಸುವುದಾಗಿತ್ತು. ಹಗಲುವೇಷದವರು ಊರೂರು ಅಲೆಯುವ ವೃತ್ತಿಕಲಾವಿದರು. ಬಾಗಲಕೋಟೆಯ ಹೋಳಿಯಲ್ಲಿ ಸೋಗಿನ ಬಂಡಿಗಳ ಮೆರವಣಿಗೆ ನಡೆಯುತ್ತದೆ. ಬಾಗಳಿ, ಹರಪನಹಳ್ಳಿ, ಹಡಗಲಿ ಮುಂತಾದ ಊರುಗಳನ್ನೊಳಗೊಂಡ ಬಯಲುಸೀಮೆಯ ದೊಡ್ಡಾಟದಲ್ಲಿ ರೈತರು ಕಿರೀಟ, ಭುಜಕೀರ್ತಿ ಧರಿಸಿ ಪುರಾಣದ ಅರಸರಾಗುತ್ತಾರೆ. ಅಲ್ಲಿ ಹಳ್ಳಿಗನ ಮಾತು ಕೇಳಿಸುವುದು ಮುಖ್ಯವಾಗಿ ಸಾರಥಿಯ ಬಾಯಲ್ಲಿ. ತೊಗಲುಗೊಂಬೆಯಾಟದಲ್ಲಿ ಈ ಕೆಲಸವನ್ನು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಮಾಡುತ್ತಾರೆ.

ಅಮೆರಿಕದಲ್ಲಿ 1963ರಲ್ಲಿ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಆರಂಭವಾದ ರೆನೈಸಾನ್ಸ್ ಮೇಳಗಳಲ್ಲಿಯೂ ಹವ್ಯಾಸಿ ತಂಡಗಳು ಹಳೆಯ ಇಂಗ್ಲೆಂಡಿನ ರೈತರು ಹಾಗೂ ಕುಶಲಕರ್ಮಿಗಳ ಪಾತ್ರ ವಹಿಸುತ್ತವೆ. ಅಲ್ಲಿ ಗತಕಾಲದ ಮರುಸೃಷ್ಟಿ ಮುಖ್ಯವಾದರೆ, ಹಗರಣದಲ್ಲಿ ವರ್ತಮಾನದ ಅಣಕವೇ ಮುಖ್ಯ.

ಪ್ರಸ್ತುತ ಸ್ಥಿತಿ

ಅಂಕೋಲಾ ತಾಲೂಕಿನ ಬೆಳಂಬಾರ ಮೊದಲಾದ ಊರುಗಳಲ್ಲಿ ಸುಗ್ಗಿ ಮತ್ತು ಹಗರಣ ಇಂದಿಗೂ ಆಚರಣೆಯಲ್ಲಿವೆ. ಎತ್ತಿನ ಬಂಡಿಯ ಜೊತೆಗೆ ಮೋಟಾರು ವಾಹನಗಳ ಮೇಲಿನ ಸ್ತಬ್ಧಚಿತ್ರಗಳೂ ಬಂದಿವೆ. ಕೃಷಿಯಿಂದ ದೂರ ಸರಿದ ಯುವಕರಿಗೆ ಹಳೆಯ ಕಸುಬುಗಳ ಪರಿಚಯವಿಲ್ಲದಿರುವುದರಿಂದ ಅವುಗಳ ಅಭಿನಯ ವಿರಳವಾಗುತ್ತಿದ್ದು, ಸಮಕಾಲೀನ ರಾಜಕೀಯ ವಿಷಯಗಳು ಹೆಚ್ಚಾಗಿ ಕಾಣಿಸುತ್ತಿವೆ.